ಯೂಕ್ಲಾದಲ್ಲಿ ನಾಲ್ಕು ರಾತ್ರಿ: ಕ್ಯಾರವಾನಿನ ಹಬ್ ಬಿಸಿಯಾದಾಗ ನಾವು ಮಾಡಿದ್ದು

ಮೆಲ್ಬರ್ನಿನಿಂದ ಹೊರಟು, ಕಾರಿನ ಹಿಂದೆ ಕಟ್ಟಿ ಎಳೆಯುವ ಮನೆಗಾಡಿಯಾದ ಕ್ಯಾರವಾನಿನಲ್ಲಿ ಆಸ್ಟ್ರೇಲಿಯಾವನ್ನು ಒಂದು ಸುತ್ತು ಹಾಕುವ ನಮ್ಮ ಯೋಜನೆಯಲ್ಲಿ ಯೂಕ್ಲಾ ಕೇವಲ ಡೀಸೆಲ್ ತುಂಬಿಸಿಕೊಳ್ಳುವ ಊರಾಗಿತ್ತು. ಜುಲೈ ತಿಂಗಳ ಒಂದು ಶುಕ್ರವಾರ, ದಕ್ಷಿಣ ಕರಾವಳಿಯ ಹೆಡ್ ಆಫ್ ಬೈಟ್‌ನಲ್ಲಿ ತಿಮಿಂಗಿಲಗಳನ್ನು ನೋಡಿಕೊಂಡು ನಲ್ಲರ್‌ಬಾರ್ ಬಯಲನ್ನು ಪಶ್ಚಿಮಕ್ಕೆ ದಾಟುತ್ತಿದ್ದ ನಾವು ಪಶ್ಚಿಮ ಆಸ್ಟ್ರೇಲಿಯಾದ ಗಡಿಯ ತಪಾಸಣಾ ಕೇಂದ್ರದಲ್ಲಿ ನಿಂತೆವು. ಹಣ್ಣು, ತರಕಾರಿ, ಜೇನುತುಪ್ಪಗಳನ್ನು ಅಲ್ಲಿಂದ ಮುಂದಕ್ಕೆ ಒಯ್ಯುವಂತಿಲ್ಲ. ನನ್ನ ಹೆಂಡತಿ ಉಳಿದಿದ್ದ ಹಸಿಮೆಣಸಿನಕಾಯಿ, ಕರಿಬೇವುಗಳನ್ನು ಒಪ್ಪಿಸುತ್ತಿದ್ದಾಗಲೇ ಗ್ರೀಸ್ ಸುಟ್ಟ ವಾಸನೆ ಮೂಗಿಗೆ ಬಡಿಯಿತು.

ಕ್ಯಾರವಾನಿನ ಬಲಗಾಲಿಯ ಹಬ್, ಅಂದರೆ ಗಾಲಿಯ ನಡುವಿನ ಗುಂಬ, ಉಗುರುಬೆಚ್ಚಗಿತ್ತು. ಎಡಗಾಲಿಯದರ ಹತ್ತಿರ ಕೈ ಒಯ್ಯಲೂ ಆಗಲಿಲ್ಲ. ಅದರ ಮೇಲೆ ನೀರು ಸುರಿಯದೆ, ಒಂದೂವರೆ ಗಂಟೆ ತಾನಾಗಿಯೇ ತಣಿಯಲು ಬಿಟ್ಟೆವು. ಕ್ಯಾರವಾನನ್ನು ಕಾರಿನಿಂದ ಬಿಡಿಸದೆ, ಬಲಗಾಲಿಗೆ ಎರಡೂ ಕಡೆ ಅಡೆಕೊಟ್ಟು, ಜಾಕನ್ನು ಚಾಸಿಯ ಅಡಿಗೆ ಇಟ್ಟು ಎತ್ತಿದೆ. ಗಾಲಿಯನ್ನು ಮೇಲೂ ಕೆಳಗೂ ಹಿಡಿದು ಅಲುಗಿಸಿದರೆ ಟಕ್ ಟಕ್ ಎನ್ನುತ್ತಿತ್ತು, ತಿರುಗಿಸಿದರೆ ಮರಳು ಅರೆದಂತೆ ಸದ್ದು ಬರುತ್ತಿತ್ತು. ಮುಚ್ಚಳ ತೆಗೆದು ನೋಡಿದಾಗ ಗ್ರೀಸ್ ಕಪ್ಪಾಗಿ, ಒಣಗಿದ ಡಾಂಬರಿನಂತೆ ಅಂಟಿಕೊಂಡಿತ್ತು. ಎರಡು ವರ್ಷ ಅಂಗಳದಲ್ಲಿ ನಿಂತೇ ಇದ್ದ ಗಾಡಿಯ ಬೇರಿಂಗುಗಳನ್ನು (ಗಾಲಿ ಸರಾಗವಾಗಿ ತಿರುಗಲು ಹಬ್ಬಿನೊಳಗೆ ಕೂರಿಸುವ ಉರುಳೆಗಳ ಉಂಗುರಗಳನ್ನು) ಬಿಚ್ಚಿ ನೋಡದೆ ಹೊರಟದ್ದು ನನ್ನ ತಪ್ಪು. ಬದಲಿ ಬೇರಿಂಗ್ ಜೊತೆಯಲ್ಲಿ ಇರಲಿಲ್ಲ.

ಹೊಸ ಗ್ರೀಸ್ ತುಂಬಿ, ನಟ್ಟನ್ನು ತುಸು ಸಡಿಲಿಸಿ, ಯೂಕ್ಲಾದವರೆಗಿನ 12 ಕಿಲೋಮೀಟರನ್ನು ಗಂಟೆಗೆ 30ರ ವೇಗದಲ್ಲಿ ಸಾಗಿದೆವು. ಅದಕ್ಕಿಂತ ದೂರವಿದ್ದಿದ್ದರೆ ನಾನು ಖಂಡಿತ ಹೊರಡುತ್ತಿರಲಿಲ್ಲ, ಏಕೆಂದರೆ ಬೇರಿಂಗ್ ಪೂರ್ತಿ ಪುಡಿಯಾದರೆ ಗಾಲಿಯೇ ಕಳಚಿಹೋಗಬಹುದು.

ಬೇರಿಂಗಿನ ಉಂಗುರದ ಮೇಲೆ ಸಂಖ್ಯೆ ಕೊರೆದಿರುತ್ತದೆ. ಸೀಮೆಎಣ್ಣೆಯಲ್ಲಿ ಒರೆಸಿ ಕೊಟ್ಟಾಗ, ನನಗೆ ಕಾಣದ ಆ ಅಕ್ಷರಗಳನ್ನು ಹನ್ನೊಂದು ವರ್ಷದ ಮಗಳು ಓದಿದಳು: ಒಳಗಿನದು ಎಲ್‌ಎಂ 67048, ಹೊರಗಿನದು ಎಲ್‌ಎಂ 11949. ಇಲ್ಲಿನ ಅಂಗಡಿಗಳಲ್ಲಿ ಇದನ್ನು, ಆಸ್ಟ್ರೇಲಿಯಾದ ಹಳೆಯ ಕಾರು ಕಂಪನಿಯ ಹೆಸರಿನಲ್ಲಿ, ಹೋಲ್ಡನ್ ಮಾದರಿ ಎನ್ನುತ್ತಾರೆ. ಬಿಡಿಭಾಗ ಸಿಗುವುದು ಸುಮಾರು 500 ಕಿಲೋಮೀಟರ್ ಹಿಂದಿನ ಸೆಡುನಾದಲ್ಲಿ. ಯೂಕ್ಲಾದ ಗಡಿಯಾರ ಪರ್ತ್‌ಗಿಂತ 45 ನಿಮಿಷ ಮುಂದೆ, ಚಳಿಗಾಲದಲ್ಲಿ ಸೆಡುನಾಕ್ಕಿಂತ 45 ನಿಮಿಷ ಹಿಂದೆ. ಅಲ್ಲಿ ಐದಕ್ಕೆ ಬಾಗಿಲು ಹಾಕುವ ಅಂಗಡಿಗೆ ನಾವು ನಾಲ್ಕೂಕಾಲರ ಒಳಗೆ ಫೋನ್ ಮಾಡಬೇಕಿತ್ತು, ನಾಲ್ಕಕ್ಕೆ ಮಾಡಿದೆವು. ಸೋಮವಾರದ ಲಾರಿಯಲ್ಲಿ ಕಳುಹಿಸುವುದಾಗಿ ಒಪ್ಪಿದರು.

ನಲ್ಲರ್‌ಬಾರಿನಲ್ಲಿ ಸಿಹಿನೀರು ಬಹಳ ಅಪರೂಪವಾದ್ದರಿಂದ, ಟ್ಯಾಂಕಿನಲ್ಲಿ ಉಳಿದಿದ್ದ ನೂರು ಲೀಟರನ್ನು ಅಡುಗೆಗೆ ಮತ್ತು ಕುಡಿಯಲು ಮಾತ್ರ ಬಳಸಿದೆವು. ತರಕಾರಿಯಿಲ್ಲದ ಮೂರು ದಿನಗಳನ್ನು ಅವಲಕ್ಕಿ, ರವೆ, ತೊಗರಿಬೇಳೆ ಮತ್ತು ಮನೆಯ ಸಾರಿನಪುಡಿ ಸಾಗಿಸಿದವು.

ಶನಿವಾರ ಸಮುದ್ರದ ಕಡೆಗಿರುವ ಹಳೆಯ ಟೆಲಿಗ್ರಾಫ್ ನಿಲ್ದಾಣಕ್ಕೆ ನಡೆದೆವು. 1877ರಲ್ಲಿ ಇಲ್ಲಿಂದ ಆಲ್ಬನಿ ಮತ್ತು ಅಡಿಲೇಡ್‌ಗಳ ನಡುವೆ ತಂತಿ ಸಂದೇಶಗಳು ಹರಿಯತೊಡಗಿದವು. 1890ರ ದಶಕದಲ್ಲಿ ಮೊಲಗಳ ಹಿಂಡುಗಳು ದಿಬ್ಬಗಳ ಗಿಡಗಂಟಿಗಳನ್ನೆಲ್ಲ ತಿಂದುಹಾಕಿದ ಮೇಲೆ ಹಿಡಿತ ತಪ್ಪಿದ ಮರಳು ಊರಿನೊಳಕ್ಕೆ ಸರಿಯಿತು. ಈಗ ಚಾವಣಿಯಿಲ್ಲದ ಸುಣ್ಣಕಲ್ಲಿನ ಗೋಡೆಗಳು ಬಿಳಿ ಮರಳಿನಿಂದ ತಲೆಯೆತ್ತಿವೆ. ಕಿಟಕಿಯ ಹೊಸ್ತಿಲವರೆಗೂ ಏರಿದ್ದ ಮರಳಿನ ಮೇಲೆ ಕುಳಿತ ಮಗ, ಗಾಳಿ ಅಳಿಸಿದಷ್ಟೂ ಮತ್ತೆ ತನ್ನ ಹೆಸರನ್ನು ಬರೆಯುತ್ತಿದ್ದ. ಯೋಜನೆಯಂತೆ ಹೋಗಿದ್ದರೆ ನಾವು ಇದನ್ನು ನೋಡುತ್ತಿರಲಿಲ್ಲ.

ಸೋಮವಾರ ಸಂಜೆ ಪೊಟ್ಟಣ ಬಂತು. ಮಾರ್ಗಮಧ್ಯದಲ್ಲಿ ಬೇರಿಂಗ್ ಮಾತ್ರ ಬದಲಿಸುವವರಿದ್ದಾರೆ. ನನ್ನ ಅನುಭವದಲ್ಲಿ ಅದು ಸಲ್ಲದು. ಹಬ್ಬಿನೊಳಗೆ ಕುಳಿತಿರುವ, ಬೇರಿಂಗ್ ಉರುಳುವ ಹಳೆಯ ಬಳೆಗಳನ್ನೂ ಗ್ರೀಸ್ ಹೊರಬಾರದಂತೆ ತಡೆಯುವ ಸೀಲನ್ನೂ ಬದಲಿಸಲೇಬೇಕು. ಅಂಗೈಯಲ್ಲಿ ಗ್ರೀಸ್ ಇಟ್ಟುಕೊಂಡು, ಬೇರಿಂಗಿನ ಅಗಲವಾದ ಅಂಚನ್ನು ಅದಕ್ಕೆ ಒತ್ತಿ ಒತ್ತಿ, ಗ್ರೀಸ್ ಇನ್ನೊಂದು ಬದಿಯಿಂದ ಹೊರಬರುವವರೆಗೆ ತುಂಬಿದೆ. ಗಾಲಿಯನ್ನು ತಿರುಗಿಸುತ್ತಲೇ ನಟ್ಟು ಬಿಗಿದು, ಆಮೇಲೆ ಹಿಂದಕ್ಕೆ ಸಡಿಲಿಸಿ, ನಟ್ಟು ಕಳಚದಂತೆ ತಡೆಯುವ ಹೊಸ ಸ್ಪ್ಲಿಟ್ ಪಿನ್ ಹಾಕಿದೆ.

ಮಂಗಳವಾರ ಬೆಳಿಗ್ಗೆ ಘಾಟಿ ಇಳಿದು, 66 ಕಿಲೋಮೀಟರ್ ದೂರದ ಮುಂಡ್ರಬಿಲ್ಲಾದಲ್ಲಿ ಗಾಡಿ ನಿಲ್ಲಿಸಿದೆ. ನಾನು ಇಳಿಯುವ ಮೊದಲೇ ಮಗಳು ಓಡಿಹೋಗಿ, ಮೊದಲು ಬಲ ಹಬ್ಬನ್ನೂ ಆಮೇಲೆ ಎಡ ಹಬ್ಬನ್ನೂ ಮುಟ್ಟಿ, “ಅಪ್ಪಾ, ಎರಡೂ ಒಂದೇ ಥರ ಬೆಚ್ಚಗಿವೆ” ಎಂದಳು.