ಸ್ಕಾಟ್ಲೆಂಡಿನ ಗಾಲ್ಫ್ ಅಂಗಳ, ಸಿನಿಮಾ ಜಾಗ ನೋಡುವುದು ಹೇಗೆ? ಭಾನುವಾರದಿಂದ ಶುರು ಮಾಡಿ

ಸ್ಕಾಟ್ಲೆಂಡಿಗೆ ಹೊರಟವರು ಮೊದಲು ವಿಮಾನದ ಟಿಕೆಟ್ ಮಾಡಿಸುತ್ತಾರೆ, ಆಮೇಲೆ ಹೋಟೆಲ್ ಹುಡುಕುತ್ತಾರೆ, ಎಲ್ಲಿಗೆ ಯಾವತ್ತು ಹೋಗುವುದು ಅನ್ನೋದು ಕೊನೆಗೆ. ಹಳೇ ಗಾಲ್ಫ್ ಅಂಗಳಗಳನ್ನೂ ಸಿನಿಮಾ ಶೂಟಿಂಗ್ ನಡೆದ ಜಾಗಗಳನ್ನೂ ನೋಡುವ ಆಸೆ ಇದ್ದರೆ ಈ ಕ್ರಮವನ್ನು ಉಲ್ಟಾ ಮಾಡಿ. ಮೊದಲು ಕ್ಯಾಲೆಂಡರ್ ತೆಗೆದು ಒಂದು ಭಾನುವಾರ ಗುರುತು ಹಾಕಿ. ಆ ದಿನ ನೀವು ಗಾಲ್ಫ್‌ಗೆ ಹೆಸರಾದ ಕಡಲ ತೀರದ ಊರು ಸೇಂಟ್ ಆ್ಯಂಡ್ರೂಸ್‌ನಲ್ಲಿರಬೇಕು. ಮಿಕ್ಕ ದಿನಗಳನ್ನು ಅದರ ಹಿಂದೆ ಮುಂದೆ ಜೋಡಿಸಿಕೊಳ್ಳಿ.

ನಾನು ಮೊದಲ ಸಲ ಹೋಗಿದ್ದು ಒಂದು ಮಂಗಳವಾರ. ಬಿಳಿ ಕಟಕಟೆಯ ಆಚೆ ನಿಂತು, ಆಡುವವರನ್ನು ದೂರದಿಂದ ನೋಡಿ ವಾಪಸ್ ಬಂದೆ. ಎರಡನೇ ಸಲ ಭಾನುವಾರ ಹೋದೆ. ಅದೇ ಹುಲ್ಲಿನ ಮೇಲೆ ಅಜ್ಜಂದಿರು ನಾಯಿ ಕರೆದುಕೊಂಡು ಓಡಾಡುತ್ತಿದ್ದರು, ಮಕ್ಕಳು ಓಡುತ್ತಿದ್ದರು, ಒಬ್ಬ ತಾಯಿ ಮಗುವಿನ ಗಾಡಿ ತಳ್ಳಿಕೊಂಡು ಹೋಗುತ್ತಿದ್ದರು. ಅಲ್ಲಿನ ಓಲ್ಡ್ ಕೋರ್ಸ್‌ನಲ್ಲಿ ಭಾನುವಾರ ಆಟ ಇಲ್ಲ. ಜಗತ್ತಿನ ಅತಿ ಹೆಸರುವಾಸಿ ಗಾಲ್ಫ್ ಅಂಗಳ ಅವತ್ತು ಊರಿನ ಪಾರ್ಕ್. ಟಿಕೆಟ್ ಇಲ್ಲ, ಗೇಟ್ ಇಲ್ಲ.

ತಿಂಗಳು ಯಾವುದು?

ಮೇ ಅಥವಾ ಸೆಪ್ಟೆಂಬರ್ ಒಳ್ಳೇದು. ಜೂನ್‌ನಲ್ಲಿ ರಾತ್ರಿ ಹತ್ತರವರೆಗೂ ಬೆಳಕಿರುತ್ತದೆ, ಅದೂ ಚೆನ್ನ. ಆದರೆ ಬೇಸಿಗೆಯ ನಡುವೆ ಪಶ್ಚಿಮದ ಬೆಟ್ಟಸೀಮೆಯಲ್ಲಿ ಮಿಡ್ಜ್ ಅನ್ನುವ ಹುಳ ಏಳುತ್ತದೆ. ನಮ್ಮ ಗುಂಗುರಿಗಿಂತ ಸಣ್ಣದು, ಗಾಳಿ ನಿಂತ ಸಂಜೆ ಮೋಡದ ಹಾಗೆ ಮುತ್ತಿಕೊಂಡು ಕಚ್ಚುತ್ತದೆ. ಡಿಸೆಂಬರ್‌ನಲ್ಲಿ ಮಧ್ಯಾಹ್ನ ನಾಲ್ಕಕ್ಕೆ ಮೊದಲೇ ಕತ್ತಲು. ಹಾಗಾಗಿ ಆ ತಿಂಗಳು ಬೇಡ.

ಸ್ಕಾಟ್ಲೆಂಡಿಗೆ ಬೇರೆ ವೀಸಾ ಇಲ್ಲ, ಬ್ರಿಟನ್ನಿನ ವಿಸಿಟರ್ ವೀಸಾ ಸಾಕು. ಛತ್ರಿ ಒಯ್ಯಬೇಡಿ. ಕಡಲ ತೀರದ ಗಾಳಿಗೆ ಅದು ನಿಲ್ಲುವುದಿಲ್ಲ. ಟೋಪಿ ಇರುವ ಮಳೆ ಜಾಕೆಟ್ ಮತ್ತು ನೀರು ಹೀರದ ಬೂಟು ಇರಲಿ.

ಭಾನುವಾರ ಬೆಳಿಗ್ಗೆ: ಮೊದಲು ಮರಳು, ಆಮೇಲೆ ಹುಲ್ಲು

ಸೇಂಟ್ ಆ್ಯಂಡ್ರೂಸ್‌ಗೆ ರೈಲು ನಿಲ್ದಾಣ ಇಲ್ಲ. ಎಡಿನ್‌ಬರ್ಗ್‌ನಿಂದ ಲೂಕರ್ಸ್‌ವರೆಗೆ ಸುಮಾರು ಒಂದು ಗಂಟೆ ರೈಲು, ಅಲ್ಲಿಂದ ಸ್ವಲ್ಪ ಹೊತ್ತಿನ ಬಸ್ಸು. ಭಾನುವಾರ ರೈಲು ಕಡಿಮೆ, ಹಿಂದಿನ ರಾತ್ರಿಯೇ ಸಮಯ ನೋಡಿಕೊಳ್ಳಿ. ಆಗುವುದಾದರೆ ಶನಿವಾರವೇ ಹೋಗಿ ಉಳಿದುಕೊಳ್ಳಿ.

ಬೆಳಿಗ್ಗೆ ಎದ್ದು ನೇರ ವೆಸ್ಟ್ ಸ್ಯಾಂಡ್ಸ್ ಕಡಲ ತೀರಕ್ಕೆ ನಡೆಯಿರಿ. 1981ರ 'ಚಾರಿಯಟ್ಸ್ ಆಫ್ ಫೈರ್' ಸಿನಿಮಾದಲ್ಲಿ ಬಿಳಿ ಬಟ್ಟೆ ತೊಟ್ಟ ಹುಡುಗರು ಅಲೆಯಂಚಿನಲ್ಲಿ ಬರಿಗಾಲಲ್ಲಿ ಓಡುವುದು ಇಲ್ಲೇ. ಕಥೆಯ ಪ್ರಕಾರ ಅದು ಇಂಗ್ಲೆಂಡಿನ ಕೆಂಟ್ ಕರಾವಳಿ, ಚಿತ್ರೀಕರಣ ಆಗಿದ್ದು ಇಲ್ಲಿ. ಆ ಓಟಗಾರರಲ್ಲಿ ಒಬ್ಬನ ಪಾತ್ರ ಎರಿಕ್ ಲಿಡೆಲ್ ಅವರದು. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಓಟದ ಮೊದಲ ಸುತ್ತು ದೇವರ ದಿನವಾದ ಭಾನುವಾರ ಬಂತು ಅಂತ ಆ ಓಟವನ್ನೇ ಬಿಟ್ಟು, 400 ಮೀಟರ್‌ನಲ್ಲಿ ಚಿನ್ನ ಗೆದ್ದ ಸ್ಕಾಟಿಷ್ ಓಟಗಾರ. ಭಾನುವಾರ ಆಟ ಬೇಡ ಅಂದವರ ಕಥೆಯನ್ನು ಭಾನುವಾರ ಆಟವಿಲ್ಲದ ಅಂಗಳದ ಪಕ್ಕದಲ್ಲೇ ಚಿತ್ರೀಕರಿಸಿದ್ದಾರೆ. ನನಗೆ ಈ ಊರು ಇಷ್ಟವಾಗಲು ಇದೂ ಒಂದು ಕಾರಣ.

ತೀರದಿಂದ ಈಚೆ ಬಂದರೆ ಓಲ್ಡ್ ಕೋರ್ಸ್. ಕಡಲಿಗೂ ಹೊಲಕ್ಕೂ ನಡುವೆ ಬಿದ್ದಿರುವ ಇಂಥ ಮರಳು ನೆಲಕ್ಕೆ ಲಿಂಕ್ಸ್ ಅನ್ನುತ್ತಾರೆ. ಬೇಸಾಯಕ್ಕೆ ಬಾರದ ನೆಲ. ಕುರಿ ಮೇಯುತ್ತಿತ್ತು, ಮೊಲ ಬಿಲ ತೋಡುತ್ತಿತ್ತು, ಜನ ಬಟ್ಟೆ ಒಣಗಿಸುತ್ತಿದ್ದರು, ಜೊತೆಗೆ ಚೆಂಡನ್ನೂ ಹೊಡೆಯುತ್ತಿದ್ದರು. ಊರ ಗೋಮಾಳ ಅಂದುಕೊಳ್ಳಿ. 1457ರಲ್ಲಿ ಎರಡನೇ ಜೇಮ್ಸ್ ರಾಜನ ಕಾಲದ ಪಾರ್ಲಿಮೆಂಟು, ಬಿಲ್ವಿದ್ಯೆ ಅಭ್ಯಾಸ ಹಾಳಾಗುತ್ತದೆ ಅಂತ ಗಾಲ್ಫನ್ನೇ ನಿಷೇಧಿಸಿತ್ತು. ಅಷ್ಟು ಹಿಂದಿನಿಂದ ಈ ದೇಶದಲ್ಲಿ ಇದು ಸಾಮಾನ್ಯರ ಆಟ.

ಒಳಗೆ ನಡೆಯುವಾಗ ಗ್ರೀನ್, ಅಂದರೆ ಕುಳಿಯ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲಿನ ಮೇಲೆ ಕಾಲಿಡಬೇಡಿ, ಬಂಕರ್ ಅನ್ನುವ ಮರಳು ಗುಂಡಿಗೆ ಇಳಿಯಬೇಡಿ. ಮಿಕ್ಕಂತೆ ಆರಾಮಾಗಿ ಓಡಾಡಿ. ಎಲ್ಲರೂ ಮೊದಲು ಹುಡುಕುವುದು ಸ್ವಿಲ್ಕನ್ ಸೇತುವೆ. 18ನೇ ಹೋಲ್‌ನಲ್ಲಿ, ಅಂದರೆ ಮೊದಲ ಹೊಡೆತದಿಂದ ಕುಳಿಯವರೆಗೆ ಆಡುವ 18ನೇ ದಾರಿಯಲ್ಲಿ, ಸಣ್ಣ ತೊರೆಯ ಮೇಲೆ ಒಂದೇ ಕಮಾನಿನ ಕಲ್ಲು ಸೇತುವೆ. ಫೋಟೊದಲ್ಲಿ ದೊಡ್ಡದಾಗಿ ಕಾಣುತ್ತದೆ. ಹತ್ತಿರ ಹೋದರೆ ಹತ್ತು ಹನ್ನೆರಡು ಹೆಜ್ಜೆಗೆ ದಾಟಬಹುದು. ಗಾಲ್ಫ್‌ಗಿಂತ ಮೊದಲು ಕುರಿ ದಾಟಿಸಲು ಇದ್ದದ್ದು ಅಂತ ಹೇಳುತ್ತಾರೆ. ಮೇಲೆ ನಿಂತು ಕೆಳಗೆ ನೋಡಿ. ಕಲ್ಲುಗಳ ನಡುಭಾಗ ಸವೆದು ನುಣುಪಾಗಿದೆ, ನಮ್ಮ ಹಳೇ ದೇವಸ್ಥಾನದ ಹೊಸ್ತಿಲಿನ ಹಾಗೆ.

ಫೋಟೊ ತೆಗೆದು ಅಲ್ಲಿಂದಲೇ ತಿರುಗಿಬಿಡುವವರು ಜಾಸ್ತಿ. ದಯವಿಟ್ಟು ಮುಂದೆ ಹೋಗಿ, ಏಕೆಂದರೆ ಗಾಲ್ಫ್‌ಗೆ 18 ಹೋಲ್ ಯಾಕೆ ಅನ್ನುವುದಕ್ಕೆ ಉತ್ತರ ಈ ನೆಲದಲ್ಲೇ ಇದೆ. ಹಿಂದೆ ಇಲ್ಲಿ ಇದ್ದದ್ದು 12 ಹೋಲ್. ಕಡಲ ಕಡೆಗೆ ಆಡುತ್ತ ಹೋಗಿ, ಅದೇ ದಾರಿಯಲ್ಲಿ ಆಡುತ್ತ ವಾಪಸ್ ಬರಬೇಕಿತ್ತು. ಅವುಗಳಲ್ಲಿ 10ನ್ನು ಎರಡು ಸಲ ಆಡಿದರೆ ಒಟ್ಟು 22 ಆಗುತ್ತಿತ್ತು. 1764ರಲ್ಲಿ ಶುರುವಿನ ನಾಲ್ಕು ಗಿಡ್ಡ ಹೋಲ್‌ಗಳನ್ನು ಎರಡಾಗಿ ಸೇರಿಸಿದರು. ಹೋಗುವಾಗ ಎರಡು, ಬರುವಾಗ ಎರಡು ಕಡಿಮೆಯಾಗಿ 18 ಉಳಿಯಿತು. ಮುಂದೆ ಜಗತ್ತೆಲ್ಲ ಇದನ್ನೇ ಹಿಡಿಯಿತು.

ಜನ ಹೆಚ್ಚಾದ ಮೇಲೆ ಹೋಗುವವರಿಗೂ ಬರುವವರಿಗೂ ಡಿಕ್ಕಿ ಆಗಬಾರದು ಅಂತ ಒಂದೇ ಗ್ರೀನ್‌ನಲ್ಲಿ ಎರಡು ಕುಳಿ ಮಾಡಿದರು. ಇವತ್ತಿಗೂ ಏಳು ಗ್ರೀನ್‌ಗಳು ಜೋಡಿ ಗ್ರೀನ್‌ಗಳೇ. ಹಂಚಿಕೊಳ್ಳುವ ಎರಡು ಹೋಲ್‌ಗಳ ಅಂಕಿ ಕೂಡಿಸಿ ನೋಡಿ. 2 ಮತ್ತು 16, 3 ಮತ್ತು 15, 8 ಮತ್ತು 10. ಯಾವಾಗಲೂ 18. ಮಕ್ಕಳು ಜೊತೆಗಿದ್ದರೆ ಈ ಲೆಕ್ಕ ಅವರಿಗೇ ಬಿಡಿ, ನಡೆಯುವ ಉತ್ಸಾಹ ಬರುತ್ತದೆ.

ಸಂಜೆ ಪಾಳುಬಿದ್ದ ಕ್ಯಾಥೆಡ್ರಲ್‌ನ ಸ್ಮಶಾನಕ್ಕೆ ಹೋಗಿ. ಓಲ್ಡ್ ಕೋರ್ಸ್ ನೋಡಿಕೊಂಡಿದ್ದ, ಭಾನುವಾರ ನೆಲಕ್ಕೂ ವಿಶ್ರಾಂತಿ ಬೇಕು ಅನ್ನುತ್ತಿದ್ದರೆಂದು ಊರು ನೆನೆಯುವ ಓಲ್ಡ್ ಟಾಮ್ ಮಾರಿಸ್ ಅಲ್ಲಿ ಮಲಗಿದ್ದಾರೆ. ಪಕ್ಕದಲ್ಲೇ ಮಗ ಯಂಗ್ ಟಾಮ್. 1868ರಿಂದ 1872ರ ನಡುವೆ ಓಪನ್ ಅನ್ನುವ ದೊಡ್ಡ ಗಾಲ್ಫ್ ಪಂದ್ಯ ನಡೆದ ನಾಲ್ಕೂ ಸಲ ಗೆದ್ದವನು. 1875ರ ಕ್ರಿಸ್‌ಮಸ್ ದಿನ ತೀರಿಕೊಂಡಾಗ ಬರೀ 24 ವರ್ಷ. ಅವನ ಸಮಾಧಿಗೆ 60 ಗಾಲ್ಫ್ ಸಂಘಗಳು ದುಡ್ಡು ಹಾಕಿವೆ. ಕಲ್ಲಿನಲ್ಲಿ ಅವನು ಟೊಪ್ಪಿಗೆ ಹಾಕಿಕೊಂಡು, ಕೋಲು ಹಿಡಿದು, ಇನ್ನೇನು ಹೊಡೆಯುವ ಹಾಗೆ ನಿಂತಿದ್ದಾನೆ. ಅಲ್ಲಿ ಸ್ವಲ್ಪ ಹೊತ್ತು ಸುಮ್ನೆ ನಿಲ್ಲಬೇಕು ಅನ್ನಿಸುತ್ತದೆ.

ಒಂದು ಎಚ್ಚರಿಕೆ. ದೊಡ್ಡ ಪಂದ್ಯ ಇರುವ ಭಾನುವಾರ ಅಂಗಳ ತೆರೆದಿರುವುದಿಲ್ಲ. 2027ರಲ್ಲಿ ಓಪನ್ ಇಲ್ಲೇ ನಡೆಯಲಿದೆ. ದಿನ ಗಟ್ಟಿ ಮಾಡುವ ಮೊದಲು ಪಂದ್ಯಗಳ ಪಟ್ಟಿ ನೋಡಿ.

ಆಡಲೇಬೇಕು ಅಂದರೆ

ಓಲ್ಡ್ ಕೋರ್ಸ್‌ನಲ್ಲಿ ಆಡಲು ಹ್ಯಾಂಡಿಕ್ಯಾಪ್, ಅಂದರೆ ನಿಮ್ಮ ಆಟದ ಮಟ್ಟ ಹೇಳುವ ಅಂಕಿಯ ಪ್ರಮಾಣಪತ್ರ ಬೇಕು. ಮುಂಗಡ ಜಾಗ ಸಿಗದಿದ್ದರೆ ಎರಡು ದಿನ ಮೊದಲು ಲಾಟರಿಗೆ ಹೆಸರು ಕೊಡಬಹುದು. ಬೆಂಗಳೂರು ಗಾಲ್ಫ್ ಕ್ಲಬ್ 1876ರಿಂದಲೂ ಇದೆ, ನಮ್ಮಲ್ಲೂ ಆಡುವವರಿದ್ದಾರೆ. ಅಂಥವರು ಕ್ಲಬ್‌ನಿಂದ ಪತ್ರ ತೆಗೆದುಕೊಂಡೇ ಹೊರಡಿ.

ಕೋಲನ್ನೇ ಹಿಡಿಯದವರಿಗೂ ದಾರಿ ಇದೆ. ಓಲ್ಡ್ ಕೋರ್ಸ್ ಪಕ್ಕದಲ್ಲೇ 'ಹಿಮಾಲಯಾಸ್' ಅನ್ನುವ ಪಟಿಂಗ್ ಅಂಗಳ. ಗುಡ್ಡ ತಗ್ಗುಗಳ ಹುಲ್ಲಿನ ಮೇಲೆ ಚೆಂಡನ್ನು ಮೆಲ್ಲಗೆ ತಳ್ಳಿ ಕುಳಿಗೆ ಬೀಳಿಸುವುದು, ಅಷ್ಟೇ. 1867ರಲ್ಲಿ ಊರಿನ ಹೆಂಗಸರು ಕಟ್ಟಿಕೊಂಡ ಸಂಘದ್ದು. ಸಣ್ಣ ಶುಲ್ಕ ಕೊಟ್ಟರೆ ಕೋಲು, ಚೆಂಡು ಅವರೇ ಕೊಡುತ್ತಾರೆ. ಅಮ್ಮ, ಅಪ್ಪ, ಮಕ್ಕಳು ಎಲ್ಲರೂ ಆಡಬಹುದು.

ಸೋಮವಾರ: ಎಡಿನ್‌ಬರ್ಗ್ ಸುತ್ತಮುತ್ತ

ಮಸ್ಸಲ್‌ಬರಾ ಅನ್ನುವ ಊರು ಎಡಿನ್‌ಬರ್ಗ್ ನಗರದ ಅಂಚಿನಲ್ಲೇ ಇದೆ. ಅಲ್ಲಿನ ಒಂಬತ್ತು ಹೋಲ್‌ನ ಹಳೇ ಅಂಗಳ ಕುದುರೆ ರೇಸ್ ಟ್ರ್ಯಾಕಿನ ಹೊಟ್ಟೆಯೊಳಗಿದೆ. 1672ರಲ್ಲೇ ಇಲ್ಲಿ ಆಡಿದ್ದಕ್ಕೆ ದಾಖಲೆ ಇದೆ. ಗಾಲ್ಫ್ ಕುಳಿಯ ಅಳತೆ ನಾಲ್ಕೂಕಾಲು ಇಂಚು ಅಂತ ಆಗಿದ್ದು 1829ರಲ್ಲಿ ಇಲ್ಲಿ ಮಾಡಿದ ಕುಳಿ ಕೊರೆಯುವ ಉಪಕರಣದಿಂದ. 1893ರಲ್ಲಿ ಅದೇ ನಿಯಮವಾಯಿತು. ರೇಸ್ ಇಲ್ಲದ ದಿನ ನೋಡಿ ಹೋಗಿ.

ಹೊತ್ತಿದ್ದರೆ ಅರ್ಧ ಗಂಟೆಯ ರೈಲಿನಲ್ಲಿ ನಾರ್ತ್ ಬೆರಿಕ್. ಇಲ್ಲಿನ ವೆಸ್ಟ್ ಲಿಂಕ್ಸ್‌ನ 13ನೇ ಹೋಲ್‌ನಲ್ಲಿ ಗ್ರೀನ್ ಮುಂದೆಯೇ ಹಳೇ ಕಲ್ಲುಗೋಡೆ ಅಡ್ಡ ಇದೆ. ಊರಿನಿಂದ ಸುಮಾರು ಐದು ಕಿಲೋಮೀಟರ್ ಪೂರ್ವಕ್ಕೆ ಟ್ಯಾಂಟಲನ್ ಕೋಟೆ, ಎದುರಿಗೆ ಕಡಲಲ್ಲಿ ಬಾಸ್ ರಾಕ್ ಬಂಡೆ. ದೂರದಿಂದ ಸುಣ್ಣ ಬಳಿದ ಹಾಗೆ ಕಾಣುವುದು ಅದರ ಮೇಲೆ ಗೂಡು ಕಟ್ಟಿದ ಸಾವಿರಾರು ಗ್ಯಾನೆಟ್ ಹಕ್ಕಿಗಳಿಂದ. 1998ರ 'ಕುಛ್ ಕುಛ್ ಹೋತಾ ಹೈ' ಚಿತ್ರದ ಹಾಡಿಗೆ ಶಾರುಖ್, ಕಾಜೋಲ್ ಬಂದಿದ್ದ ಸ್ಕಾಟ್ಲೆಂಡಿನ ಜಾಗಗಳಲ್ಲಿ ಟ್ಯಾಂಟಲನ್ ಕೋಟೆಯೂ ಒಂದು.

ಸಿನಿಮಾ ಜಾಗದ ಪಟ್ಟಿ ಮಾಡುವಾಗ

ಪರದೆ ಮೇಲೆ ಕಂಡದ್ದೆಲ್ಲ ಅಲ್ಲಿರುವುದಿಲ್ಲ. ಪಟ್ಟಿ ಮಾಡುವಾಗ ಪ್ರತಿ ಹೆಸರಿನ ಮುಂದೆ 'ಈಗ ಏನಿದೆ' ಅಂತ ಬರೆದುಕೊಳ್ಳಿ. ಹ್ಯಾರಿ ಪಾಟರ್‌ನ ಹ್ಯಾಗ್ರಿಡ್ ಗುಡಿಸಲು ಗ್ಲೆಂಕೋ ಕಣಿವೆಯಲ್ಲಿ ಹಾಕಿದ ಸೆಟ್. ಶೂಟಿಂಗ್ ಮುಗಿದ ಮೇಲೆ ತೆಗೆದರು, ಬೆಟ್ಟ ಮಾತ್ರ ಇದೆ. 'ಸ್ಕೈಫಾಲ್'ನಲ್ಲಿ ಬಾಂಡ್ ಕಾರು ನಿಲ್ಲಿಸುವ ಗ್ಲೆನ್ ಎಟಿವ್ ರಸ್ತೆ ಇದೆ. ಕೊನೆಗೆ ಉರಿದುಹೋಗುವ ಮನೆ ಇಂಗ್ಲೆಂಡಿನ ಸರ್ರೆಯಲ್ಲಿ ಕಟ್ಟಿದ್ದು. 1983ರ 'ಲೋಕಲ್ ಹೀರೋ'ದ ಹಳ್ಳಿ ಪೆನನ್ ಈಶಾನ್ಯ ಕರಾವಳಿಯಲ್ಲಿದೆ, ಅದೇ ಚಿತ್ರದ ಬೀಚ್ ಕ್ಯಾಮಸ್‌ಡಾರಕ್ ಪಶ್ಚಿಮ ಕರಾವಳಿಯಲ್ಲಿ. ಎರಡನ್ನೂ ಒಂದೇ ದಿನಕ್ಕೆ ಹಾಕಿಕೊಂಡರೆ ದಿನವೆಲ್ಲ ರಸ್ತೆಯಲ್ಲೇ ಕಳೆಯುತ್ತದೆ.

ಒಂದೇ ಕೋಟೆಗೆ ಸಮಯ ಇದ್ದರೆ ಸ್ಟರ್ಲಿಂಗ್ ಹತ್ತಿರದ ಡೂನ್ ಕೋಟೆ ನೋಡಿ. 1975ರ 'ಮಾಂಟಿ ಪೈಥಾನ್ ಆ್ಯಂಡ್ ದ ಹೋಲಿ ಗ್ರೇಲ್' ಹಾಸ್ಯ ಚಿತ್ರದಲ್ಲಿ ಬೇರೆ ಬೇರೆ ಅಂತ ತೋರಿಸಿದ ಕೋಟೆಗಳಲ್ಲಿ ಹೆಚ್ಚಿನವು ಇದೊಂದೇ. 'ಔಟ್‌ಲ್ಯಾಂಡರ್' ಧಾರಾವಾಹಿಯ ಕ್ಯಾಸಲ್ ಲೆಕ್ ಕೂಡ ಇದೇ.

ಬೆಟ್ಟಸೀಮೆಗೆ: ರೈಲು, ಬಸ್ಸು ಸಾಕು

ಗ್ಲಾಸ್ಗೋದಿಂದ ಫೋರ್ಟ್ ವಿಲಿಯಂಗೆ ರೈಲಿನಲ್ಲಿ ಸುಮಾರು ನಾಲ್ಕು ಗಂಟೆ. ಅಲ್ಲಿಂದ ಮಲೇಗ್ ಕಡೆಗೆ ಹೋಗುವ ದಾರಿಯಲ್ಲಿ ಗ್ಲೆನ್‌ಫಿನನ್ ಸೇತುವೆ, ಹ್ಯಾರಿ ಪಾಟರ್ ರೈಲು ದಾಟುವ 21 ಕಮಾನಿನದು. 1897ರಿಂದ 1901ರ ನಡುವೆ ಬರೀ ಕಾಂಕ್ರೀಟಿನಲ್ಲಿ, ಕಬ್ಬಿಣದ ಸರಳು ಹಾಕದೆ ಕಟ್ಟಿದ್ದಾರೆ. ಪ್ರವಾಸಿಗರಿಗಾಗಿ ಈ ದಾರಿಯಲ್ಲಿ ಓಡುವ ಜಾಕೊಬೈಟ್ ಉಗಿಬಂಡಿಯ ಟಿಕೆಟ್ ತಿಂಗಳುಗಳ ಮೊದಲೇ ಖಾಲಿಯಾಗುತ್ತದೆ, ದುಬಾರಿ ಕೂಡ. ಸಿಗಲಿಲ್ಲ ಅಂತ ಬೇಜಾರು ಬೇಡ. ದಿನನಿತ್ಯದ ಸಾಮಾನ್ಯ ರೈಲು ಅದೇ ಹಳಿಯ ಮೇಲೆ, ಅದೇ ಸೇತುವೆ ದಾಟುತ್ತದೆ. ಮಲೇಗ್ ಕಡೆಗೆ ಹೋಗುವಾಗ ಎಡಗಡೆ ಕಿಟಕಿ ಹಿಡಿಯಿರಿ. ಉಗಿಬಂಡಿಯ ಫೋಟೊ ಬೇಕಿದ್ದರೆ ಗ್ಲೆನ್‌ಫಿನನ್‌ನಲ್ಲಿ ಇಳಿದು, ಗುಡ್ಡದ ದಾರಿ ಹತ್ತಿ, ಅದು ಬರುವುದಕ್ಕೆ ಒಂದು ಗಂಟೆ ಮೊದಲೇ ಜಾಗ ಹಿಡಿಯಿರಿ. ಹಳಿಯ ಹತ್ತಿರ ಮಾತ್ರ ಹೋಗಬೇಡಿ.

ಕಾರು ಓಡಿಸುವವರಿಗೆ ನಮ್ಮ ಹಾಗೇ ಎಡಗಡೆ ರಸ್ತೆ. ಆದರೆ ಗ್ಲೆನ್ ಎಟಿವ್‌ನಂಥ ಕಡೆ ಒಂದೇ ಕಾರಿನ ಅಗಲ. ಮಧ್ಯೆ ಮಧ್ಯೆ ರಸ್ತೆ ಅಗಲ ಮಾಡಿ ಬಿಟ್ಟಿರುವ ಜಾಗ ಎದುರಿನವರಿಗೆ ದಾರಿ ಕೊಡಲು. ಅಲ್ಲಿ ಕಾರು ನಿಲ್ಲಿಸಿ ಫೋಟೊ ತೆಗೆಯಬೇಡಿ. ಆಂಬುಲೆನ್ಸ್‌ಗೂ ಅದೇ ದಾರಿ.

ನಡೆಯುವ ಹಕ್ಕಿನ ಬಗ್ಗೆಯೂ ಹೇಳಬೇಕು. 2003ರ ಭೂಸುಧಾರಣಾ ಕಾಯ್ದೆ ಪ್ರಕಾರ ಸ್ಕಾಟ್ಲೆಂಡಿನ ಹೆಚ್ಚಿನ ಬಯಲು, ಬೆಟ್ಟದಲ್ಲಿ ಯಾರು ಬೇಕಾದರೂ ನಡೆಯಬಹುದು. ಗಾಲ್ಫ್ ಅಂಗಳವನ್ನೂ ದಾಟಬಹುದು. ಗ್ರೀನ್ ತುಳಿಯಬಾರದು, ಆಡುವವರಿಗೆ ಅಡ್ಡಿ ಆಗಬಾರದು, ಅಷ್ಟೇ ಷರತ್ತು. ಮನೆಯಂಗಳಕ್ಕೆ ಈ ಹಕ್ಕಿಲ್ಲ. ದಾರಿಯಲ್ಲಿ ಸಿಕ್ಕ ಗೇಟನ್ನು ಹೇಗಿತ್ತೋ ಹಾಗೇ ಬಿಟ್ಟು ಹೋಗಿ, ಕುರಿಗಳಿರುತ್ತವೆ.

ಕೊನೆಯ ದಿನಕ್ಕೆ ಐಲನ್ ಡೋನನ್ ಕೋಟೆ ಇಟ್ಟುಕೊಳ್ಳಿ. 'ಕುಛ್ ಕುಛ್ ಹೋತಾ ಹೈ' ಹಾಡಿನಲ್ಲಿ ನೀರಿನ ನಡುವೆ ಕಾಣುವ ಕೋಟೆ. 1719ರಲ್ಲಿ ಬ್ರಿಟಿಷ್ ನೌಕಾಪಡೆ ಒಡೆದು ಹಾಕಿತ್ತು. ಈಗ ಕಾಣುವುದು 1912ರಿಂದ 1932ರವರೆಗೆ ಮತ್ತೆ ಕಟ್ಟಿದ್ದು, ಆ ಕಲ್ಲಿನ ಸೇತುವೆಯೂ ಆಗಿನದೇ. ಗ್ಲಾಸ್ಗೋದಿಂದ ಸ್ಕೈ ದ್ವೀಪಕ್ಕೆ ಹೋಗುವ ಬಸ್ಸು ಗ್ಲೆಂಕೋ ಕಣಿವೆ ಹಾದು, ಫೋರ್ಟ್ ವಿಲಿಯಂ ಮೂಲಕ, ಕೋಟೆ ಇರುವ ಡೋರ್ನಿ ಹಳ್ಳಿಯಲ್ಲಿ ನಿಲ್ಲುತ್ತದೆ. ಹೊರಡುವ ಮೊದಲು ಕಡಲಿನ ಏರಿಳಿತದ ಸಮಯ ನೋಡಿ. ಉಬ್ಬರ ಇದ್ದಾಗ ಹಾಡಿನಲ್ಲಿ ಕಂಡ ಹಾಗೇ ಸುತ್ತ ನೀರು, ಇಳಿತದಲ್ಲಿ ಪಾಚಿ ಹಿಡಿದ ಕಲ್ಲು. ದಿನಕ್ಕೆ ಬಸ್ಸು ಕೆಲವೇ ಇವೆ. ಇಳಿದ ತಕ್ಷಣ ವಾಪಸ್ ಬಸ್ಸಿನ ಸಮಯವನ್ನು ನಿಲ್ದಾಣದ ಬೋರ್ಡಿನಲ್ಲೇ ಫೋಟೊ ತೆಗೆದುಕೊಂಡು, ಆಮೇಲೆ ಕೋಟೆ ಕಡೆಗೆ ನಡೆಯಿರಿ.