ಗ್ರಿಲ್ ಲೈಟಿನೊಳಗೆ ಕಟ್ಟುತ್ತಿದ್ದ ಮಂಜು ಹೋದದ್ದು ಹೀಗೆ

ಕಾರಿನ ಗ್ರಿಲ್‌ಗೆ ಹಾಕುವ ಎಲ್‌ಇಡಿ ಪಟ್ಟಿ ಮಾಡುತ್ತೇವೆ. ಮಳೆಗಾಲ ಬಂದರೆ ಒಂದೇ ದೂರು: ಒಳಗೆ ಮಂಜು. ಸುತ್ತ ಸಿಲಿಕೋನ್ ಜಾಸ್ತಿ ಬಳಿದರೂ ನಿಲ್ಲಲಿಲ್ಲ.

ತೊಂದರೆ ಇದ್ದದ್ದು ಗಾಳಿಯಲ್ಲಿ. ಲೈಟ್ ಉರಿದಾಗ ಒಳಗಿನ ಗಾಳಿ ಬಿಸಿಯಾಗಿ ಹಿಗ್ಗುತ್ತದೆ. ಮೇಲೆ ತಣ್ಣೀರು ಬಿದ್ದರೆ ಥಟ್ಟನೆ ಕುಗ್ಗುತ್ತದೆ. ಆ ಎಳೆತಕ್ಕೆ ವೈರಿನ ಎಳೆಗಳ ನಡುವಿನಿಂದಲೂ ನೀರು ಒಳಗೆ ಬರುತ್ತದೆ!

ಹಾಗಾಗಿ ಹಿಂಬದಿಗೆ ಸಣ್ಣ ತೂತು ಕೊರೆದು, ಪಿಟಿಎಫ್‌ಇ (ಟೆಫ್ಲಾನ್) ಪೊರೆಯ ವೆಂಟ್, ಅಂದರೆ ಗಾಳಿಕಿಂಡಿ, ಅಂಟಿಸಿದೆ. ಗಾಳಿ, ಆವಿ ಅದರಲ್ಲಿ ಓಡಾಡುತ್ತವೆ, ನೀರಿನ ಹನಿ ದಾಟುವುದಿಲ್ಲ. ವೆಂಟ್ ಕೆಸರು ಸಿಡಿಯದ ಕಡೆ ಇರಲಿ, ಇಲ್ಲಾಂದ್ರೆ ಮುಚ್ಚಿಹೋಗುತ್ತದೆ. ವೈರ್ ಹೊರಬರುವ ಕಡೆ ಎಪಾಕ್ಸಿ (ಗಟ್ಟಿಯಾಗುವ ಅಂಟು) ಸುರಿದೆ. ವಿನೆಗರ್ ವಾಸನೆಯ ಸಿಲಿಕೋನ್ ಅಲ್ಲಿ ಬೇಡ, ತಾಮ್ರವನ್ನು ತಿನ್ನುತ್ತದೆ.

ಈಗ ಪ್ರತಿ ಪಟ್ಟಿಯನ್ನೂ ಚೆನ್ನಾಗಿ ಬಿಸಿಯಾಗುವವರೆಗೆ ಉರಿಸಿ, ಆರಿಸಿದ ಕೂಡಲೇ ಬಕೆಟ್ ನೀರಿನಲ್ಲಿ ಮುಳುಗಿಸಿ ನೋಡಿಯೇ ಅಂಗಡಿಗೆ ಕಳಿಸುತ್ತೇವೆ.