ಡೈಎಲೆಕ್ಟ್ರಿಕ್ ತುಂಬಿದ ಕೆಪಾಸಿಟರ್‌ನ ಲೆಕ್ಕ ಬಿಡಿಸುವ ಕ್ರಮ

ಫಲಕಗಳ ನಡುವೆ ಡೈಎಲೆಕ್ಟ್ರಿಕ್ (ವಿದ್ಯುತ್ ಹರಿಯಗೊಡದ ವಸ್ತು) ತುಂಬಿದ ಕೆಪಾಸಿಟರ್‌ನ ಲೆಕ್ಕವನ್ನು ವಿದ್ಯುತ್ ಕ್ಷೇತ್ರದಿಂದ ಆರಂಭಿಸುವುದು ಬಹಳಷ್ಟು ವಿದ್ಯಾರ್ಥಿಗಳ ಅಭ್ಯಾಸ. ಆದರೆ ಫಲಕಗಳ ಮೇಲಿನ ಮುಕ್ತ ಆವೇಶ (ಬ್ಯಾಟರಿ ತುಂಬಿದ ಆವೇಶ) ತಿಳಿದಿರುವಾಗ ವಿದ್ಯುತ್ ಪಲ್ಲಟದಿಂದ (ಇಲ್ಲಿ, ಫಲಕದ ಏಕಮಾನ ವಿಸ್ತೀರ್ಣಕ್ಕೆ ಬರುವ ಮುಕ್ತ ಆವೇಶ) ಆರಂಭಿಸಿದರೆ ದಾರಿ ಸಲೀಸಾಗುತ್ತದೆ.

ತಲಾ 100 ಚದರ ಸೆಂಟಿಮೀಟರ್ ವಿಸ್ತೀರ್ಣದ ಎರಡು ಸಮಾಂತರ ಫಲಕಗಳು 1 ಮಿಲಿಮೀಟರ್ ಅಂತರದಲ್ಲಿವೆ ಎಂದುಕೊಳ್ಳಿ. ಅವನ್ನು 100 ವೋಲ್ಟ್‌ಗೆ ಆವೇಶಗೊಳಿಸಿ, ಬ್ಯಾಟರಿಯನ್ನು ಕಳಚಿದ ಬಳಿಕ, ನಡುವಿನ ಜಾಗ ಪೂರ್ತಿ ತುಂಬುವಂತೆ ಅಭ್ರಕದ (ಆಡುಮಾತಿನ ಕಾಗೆಬಂಗಾರ) ಹಾಳೆಯನ್ನು ಸರಿಸಿ; ಅದರ ಡೈಎಲೆಕ್ಟ್ರಿಕ್ ಸ್ಥಿರಾಂಕವನ್ನು (ಆವೇಶ ಅಷ್ಟೇ ಇರುವಾಗ ಅದು ಕ್ಷೇತ್ರವನ್ನು ಎಷ್ಟನೇ ಒಂದು ಪಾಲಿಗೆ ತಗ್ಗಿಸುತ್ತದೆ ಎಂಬ ಸಂಖ್ಯೆ) 5 ಎಂದು ಹಿಡಿಯೋಣ.

ಮುಕ್ತ ಆವೇಶ 8.85 ನ್ಯಾನೊಕೂಲಂಬ್. ಅದನ್ನು ವಿಸ್ತೀರ್ಣದಿಂದ ಭಾಗಿಸಿದರೆ ಪಲ್ಲಟ ಚದರ ಮೀಟರಿಗೆ 0.885 ಮೈಕ್ರೊಕೂಲಂಬ್ ಎಂದು ಸಿಗುತ್ತದೆ. ಆವೇಶಕ್ಕೆ ಹೊರಹೋಗಲು ದಾರಿಯಿಲ್ಲದ ಕಾರಣ ಹಾಳೆ ಬಂದರೂ ಈ ಸಂಖ್ಯೆ ಕದಲುವುದಿಲ್ಲ. ಕ್ಷೇತ್ರವಾದರೋ ಮೀಟರಿಗೆ 1,00,000 ವೋಲ್ಟ್‌ನಿಂದ 20,000 ವೋಲ್ಟ್‌ಗೂ, ವಿಭವಾಂತರ 20 ವೋಲ್ಟ್‌ಗೂ ಇಳಿಯುತ್ತವೆ. ಈ ಹೊಸ ಕ್ಷೇತ್ರವನ್ನು ನಿರ್ವಾತದ ಪರ್ಮಿಟಿವಿಟಿಯಿಂದ (ನಿರ್ವಾತದಲ್ಲಿ ಪಲ್ಲಟಕ್ಕೂ ಕ್ಷೇತ್ರಕ್ಕೂ ಇರುವ ಅನುಪಾತ) ಗುಣಿಸಿದಾಗ ಬರುವ 0.177ನ್ನು ಪಲ್ಲಟದಿಂದ ಕಳೆಯಿರಿ, ಉಳಿಯುವ 0.708 ಧ್ರುವೀಕರಣ, ಅಂದರೆ ಅಭ್ರಕದೊಳಗಿನ ಧನ, ಋಣ ಆವೇಶಗಳು ಕ್ಷೇತ್ರದಿಂದಾಗಿ ಎಷ್ಟು ಸರಿದಿವೆ ಎಂಬುದರ ಅಳತೆ. ಧನ ಫಲಕಕ್ಕೆ ತಾಗಿದ ಅಭ್ರಕದ ಮೈಮೇಲೆ ಮೂಡುವ ಬದ್ಧ (ಅಣುಗಳಿಗೆ ಅಂಟಿಕೊಂಡೇ ಇರುವ) ಋಣ ಆವೇಶದ ಸಾಂದ್ರತೆಯೂ ಇಷ್ಟೇ ಆಗಿದ್ದು, ಫಲಕದ ಆವೇಶದ ಐದರಲ್ಲಿ ನಾಲ್ಕು ಪಾಲಿನ ಪ್ರಭಾವವನ್ನು ಅದು ಅಳಿಸಿಹಾಕುತ್ತದೆ.

ಬ್ಯಾಟರಿ ಜೋಡಿಸಿಯೇ ಇದ್ದರೆ ಕ್ರಮ ತಿರುವುಮುರುವು: ಕ್ಷೇತ್ರ ಬದಲಾಗದು, ಪಲ್ಲಟ 4.425ಕ್ಕೂ ಧ್ರುವೀಕರಣ 3.54ಕ್ಕೂ ಏರುತ್ತವೆ.

ಬ್ಯಾಟರಿ ಕಳಚಿದ ಸ್ಥಿತಿಯಲ್ಲಿ ಅರ್ಧ ಮಿಲಿಮೀಟರ್ ದಪ್ಪದ ಹಾಳೆಯನ್ನು ಇಟ್ಟಾಗ ಪಲ್ಲಟದ ನಿಜವಾದ ಉಪಯೋಗ ಕಾಣುತ್ತದೆ. ಗಾಳಿಯಲ್ಲೂ ಅಭ್ರಕದಲ್ಲೂ ಅದು ಒಂದೇ. ಆದ್ದರಿಂದ ಗಾಳಿಯ ಭಾಗಕ್ಕೆ 50 ವೋಲ್ಟ್, ಅಭ್ರಕದ ಭಾಗಕ್ಕೆ 10 ವೋಲ್ಟ್ ಎಂದು ಕೂಡಿಸಿ 60 ವೋಲ್ಟ್ ಎಂದು ಬರೆಯಬಹುದು.